ಎರಡು ಸಾಲಿನವನು, ಮೂರು ಸಾಲಿನವನು

ಬೆಂಗಳೂರಿನ ಹಲಸೂರು ಕೆರೆಯ ಬಳಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಮುಸುಕು ಹೊದ್ದು ನಿಂತಿದ್ದಷ್ಟು ಕಾಲವೂ ನಾನು ಅಲ್ಲೇ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. 1991ರಲ್ಲಿ ಪ್ರತಿಮೆ ಬಂತು, ಅದೇ ವರ್ಷ ಕಾವೇರಿ ಗಲಾಟೆಯೂ ಬಂತು. ಮುಸುಕು ತೆಗೆಯಲು 18 ವರ್ಷ ಹಿಡಿಯಿತು.

"ಒಳಗೆ ಯಾರವ್ರೆ ಸಾರ್?" ಅಂತ ಹುಡುಗರು ಕೇಳೋರು.

"ಒಬ್ಬ ಕವಿ ಕಣ್ರೋ."

"ಕವೀನ ಯಾಕೆ ಸಾರ್ ಮುಚ್ಚಿಟ್ಟವ್ರೆ?"

ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

2009ರ ಆಗಸ್ಟ್ 9ರಂದು ನಮ್ಮ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಸಮ್ಮುಖದಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಅನಾವರಣ ಮಾಡಿದರು. 13ಕ್ಕೆ ಚೆನ್ನೈನ ಅಯನಾವರದಲ್ಲಿ ನಮ್ಮ ಸರ್ವಜ್ಞ ಎದ್ದು ನಿಂತ. ಕೊಡು-ಕೊಳ್ಳುವ ರಾಜಕೀಯ ಇದ್ದೇ ಇತ್ತು, ಇರಲಿ. ಜೋಡಿ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ವಳ್ಳುವರ್‌ದು ಎರಡೆರಡೇ ಸಾಲು, 133 ಅಧ್ಯಾಯ, ಅಧ್ಯಾಯಕ್ಕೆ ಹತ್ತರಂತೆ 1330 ಕುರಳ್. ಅಚ್ಚುಕಟ್ಟು ಮನುಷ್ಯ. ಸರ್ವಜ್ಞನದು ಮೂರು ಸಾಲಿನ ತ್ರಿಪದಿ, ಲೆಕ್ಕ ಇಟ್ಟವರಿಲ್ಲ. ಜನರ ಬಾಯಲ್ಲಿ ಚದುರಿಹೋಗಿದ್ದ ಅವನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು ಉತ್ತಂಗಿ ಚನ್ನಪ್ಪ, ಕ್ರೈಸ್ತ ಪಾದ್ರಿ.

ಮುಖ್ಯಮಂತ್ರಿಗಳು ಕೈಕುಲುಕುವುದಕ್ಕೆ ಎಷ್ಟೋ ಮೊದಲೇ ಪಂಡಿತರು ಎರಡೂ ಭಾಷೆಗಳನ್ನು ಬೆಸೆಯುವ ಕೆಲಸ ಶುರು ಮಾಡಿದ್ದರು. ಆರ್. ನರಸಿಂಹಾಚಾರ್ಯರು 'ನೀತಿಮಂಜರಿ'ಯಲ್ಲಿ ಕುರಳಿನ ಆಯ್ದ ಭಾಗಗಳನ್ನು ಕನ್ನಡಕ್ಕೆ ತಂದಿದ್ದರು, ಆಮೇಲೆ ಎಲ್. ಗುಂಡಪ್ಪನವರೂ ಅನುವಾದಿಸಿದರು.

ಪುಸ್ತಕದ ಮಾತು ಹಾಗಿರಲಿ, ಹಲಸೂರಿನ ಕಡೆಗೆ ತಮಿಳು ಬಂದದ್ದೇ 1809ರಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟ ಮೇಲೆ ಅನ್ನುವವರುಂಟು. ಸಿಪಾಯಿಗಳು, ಗುತ್ತಿಗೆದಾರರು, ಕೂಲಿಗಳು ಆಗ ಸಾಲುಗಟ್ಟಿ ಬಂದದ್ದು ನಿಜ. ಆದರೆ ಪಕ್ಕದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಗೆ ಹೋಗಿ ನೋಡಿ: 13ನೇ ಶತಮಾನದ ತಮಿಳು ಶಾಸನಗಳಿವೆ.

ಈಗ ಪೊಂಗಲ್ ಮರುದಿನ ವಳ್ಳುವರ್‌ಗೆ ಹಾರ ಬೀಳುತ್ತದೆ. ಸರ್ವಜ್ಞ ಜಯಂತಿ ಫೆಬ್ರವರಿ 20ಕ್ಕೆ. ಸರ್ವಜ್ಞ ತಮ್ಮವನೆಂದು ಕುಂಬಾರರು ಹೆಮ್ಮೆಪಡುತ್ತಾರೆ, ಕುಂಬಾರರ ಪಾಟರಿ ಟೌನ್ ಇಲ್ಲಿಂದ ದೂರವೇನಲ್ಲ. ಸರ್ವಜ್ಞನಗರ ಅಂತ ಒಂದು ವಿಧಾನಸಭಾ ಕ್ಷೇತ್ರವೇ ಈ ಕಡೆ ಇದೆ. ಅಲ್ಲಿನ ಎಷ್ಟೋ ಜನಕ್ಕೆ ಅವನ ಪರಿಚಯ ವೋಟರ್ ಸ್ಲಿಪ್‌ನಲ್ಲಿ ಮಾತ್ರ ಅನ್ನುವುದು ನನ್ನ ಗುಮಾನಿ.

ಹಾರ ಹಾಕುವುದಕ್ಕಿಂತ ಓದಿಸುವುದು ಮೇಲು ಅಂತ ನಾನು ತರಗತಿಯಲ್ಲಿ ಒಂದು ಆಟ ಹೂಡಿದ್ದೆ. ಮನೆಯಲ್ಲಿ ಅಜ್ಜಿಯ ಹತ್ತಿರ ಒಂದು ಕುರಳ್ ಕಲಿತು ಬರಬೇಕು, ಅದೇ ವಿಷಯಕ್ಕೆ ಸರ್ವಜ್ಞನ ತ್ರಿಪದಿ ಹುಡುಕಬೇಕು. ದಾನ, ಅನ್ನ, ಸಾಲ, ಎಲ್ಲಕ್ಕೂ ಜೋಡಿ ಸಿಕ್ಕಿತು. ಬೇಸಾಯದ ವಿಷಯದಲ್ಲಂತೂ ಇಬ್ಬರದೂ ಒಂದೇ ತೀರ್ಮಾನ: ಉಳುವವನೇ ದೊಡ್ಡವನು. ನೇಗಿಲು ಕಾಣದ ಹಲಸೂರಿನ ಮಕ್ಕಳು ಅದನ್ನು ಒಪ್ಪಲು ತಕರಾರು ತೆಗೆದವು.

ಒಂದು ದಿನ ಒಬ್ಬ ಹುಡುಗನ ಪಾಟಿ, ಅಂದರೆ ಅಜ್ಜಿ, ಶಾಲೆಗೇ ಬಂದುಬಿಟ್ಟರು.

"ಏನ್ ಮೇಷ್ಟ್ರೇ, ನಮ್ ವಳ್ಳುವರ್ ಎರಡು ಸಾಲಲ್ಲಿ ಮುಗಿಸ್ತಾರೆ. ನಿಮ್ಮೋರಿಗೆ ಮೂರು ಯಾಕೆ ಬೇಕು?"

"ಬುದ್ಧಿ ಹೇಳೋಕೆ ಎರಡು ಸಾಕು ಪಾಟಿ," ಅಂದೆ. "ಮೂರನೇದು ಬೈಯೋಕೆ."