ಮೊಳೆಯಿಂದ ಸಂಖ್ಯೆಗೆ: ಕನ್ನಡ ಅಕ್ಷರ ಸಾಗಿದ ಹಾದಿ

ಕನ್ನಡದ ಪುಸ್ತಕವೊಂದು ಅಚ್ಚಾಗಬೇಕಾದರೆ ಅದರ ಪ್ರತಿಯೊಂದು ಅಕ್ಷರವನ್ನೂ ಯಾರಾದರೂ ಕೈಯಲ್ಲಿ ಎತ್ತಿ ಇಡಲೇಬೇಕಾದ ಕಾಲವೊಂದಿತ್ತು. ಆ ಕೆಲಸ ಮಾಡುತ್ತಿದ್ದವರು ಕಂಪೋಸಿಟರುಗಳು. ಅವರ ಮುಂದೆ ಇಳಿಜಾರಾಗಿ ನಿಲ್ಲಿಸಿದ ಮರದ ಕೇಸು, ಅದರಲ್ಲಿ ನೂರಾರು ಪುಟ್ಟ ಮನೆಗಳು, ಒಂದೊಂದು ಮನೆಯಲ್ಲೂ ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಮೊಳೆಗಳು. ಎಡಗೈಯಲ್ಲಿ ಹಿಡಿದ ಸ್ಟಿಕ್ಕಿನೊಳಗೆ ಬಲಗೈ ಒಂದೊಂದೇ ಮೊಳೆಯನ್ನು ತಂದು ಕೂರಿಸುತ್ತಿತ್ತು. ಮೊಳೆಯ ಮೇಲೆ ಅಕ್ಷರ ತಿರುಗುಮುರುಗಾಗಿರುವುದರಿಂದ ಕಂಪೋಸಿಟರ್ ಕನ್ನಡವನ್ನು ಕನ್ನಡಿಯಲ್ಲಿ ಕಂಡಂತೆ ಓದಲು ಕಲಿತಿರಬೇಕಿತ್ತು.

ಮೊಳೆಯಲ್ಲಿ ಕನ್ನಡ ಮೂಡಿದ್ದು ದೂರದ ಬಂಗಾಳದಲ್ಲಿ. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಿಂದ ಹೊರಡಿಸಿದ 'ಮಂಗಳೂರ ಸಮಾಚಾರ' ಮೊಳೆಯ ಗೊಡವೆಗೆ ಹೋಗದೆ ಕಲ್ಲಚ್ಚಿನಲ್ಲಿ ಬಂತು. ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಕಲ್ಲಿನ ಮೇಲಾದರೆ ಕೈಬರಹವನ್ನೇ ಇಳಿಸಬಹುದು. ಮೊಳೆಯಾದರೆ ವ್ಯಂಜನ, ಅದರ ಕಾಗುಣಿತ, ಅದರ ಒತ್ತು ಎಲ್ಲಕ್ಕೂ ಬೇರೆ ಬೇರೆ ಅಚ್ಚು ಕೊರೆಯಬೇಕು. ವರ್ಣಮಾಲೆಯಲ್ಲಿ 49 ಅಕ್ಷರವೆಂದು ಮಕ್ಕಳು ಕಲಿಯುತ್ತಾರೆ; ಮುದ್ರಣಾಲಯದ ಲೆಕ್ಕದಲ್ಲಿ ಕನ್ನಡ ಅದರ ಹಲವು ಪಟ್ಟು ದೊಡ್ಡದು.

'ಕರ್ನಾಟಕ' ಎಂಬ ಒಂದು ಪದವನ್ನೇ ನೋಡಬಹುದು. ಬಾಯಲ್ಲಿ ಹೇಳುವಾಗ ರಕಾರ ಮೊದಲು, ನಾ ಆಮೇಲೆ. ಬರೆಯುವಾಗ ಮೊದಲು ನಾ, ಅದರ ಬೆನ್ನಿಗೆ ಅರ್ಕಾವತ್ತು. ಕಂಪೋಸಿಟರನ ಕೈ ಕಣ್ಣಿನ ಕ್ರಮವನ್ನೇ ಹಿಡಿಯುತ್ತಿತ್ತು: ಕ, ನಾ, ಅರ್ಕಾವತ್ತು, ಟ, ಕ. ನಾಲಿಗೆಯ ಕ್ರಮಕ್ಕೂ ಕಾಗದದ ಕ್ರಮಕ್ಕೂ ಇರುವ ಈ ವ್ಯತ್ಯಾಸ ಸೀಸದ ಕಾಲದಲ್ಲಿ ಯಾರನ್ನೂ ಕಾಡಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಅದೇ ದೊಡ್ಡ ತೊಡಕಾಯಿತು.

ಮೊಳೆಗಳು ಎಣಿಕೆಯಷ್ಟೇ ಇರುತ್ತಿದ್ದವು. ಎಂಟೋ ಹದಿನಾರೋ ಪುಟಗಳ ಒಂದು ಫಾರಂ ಅಚ್ಚಾದ ಕೂಡಲೇ ಅದನ್ನು ಬಿಚ್ಚಿ, ಮೊಳೆಗಳನ್ನು ತೊಳೆದು, ಮತ್ತೆ ಆಯಾ ಮನೆಗೆ ಹಂಚಬೇಕಿತ್ತು. ಇಲ್ಲದಿದ್ದರೆ ಮುಂದಿನ ಫಾರಂಗೆ ಅಕ್ಷರವೇ ಸಾಲದು. ಹೀಗಾಗಿ ಪುಸ್ತಕದ ಪ್ರತಿಗಳು ಮುಗಿದವೆಂದರೆ ಮರುಮುದ್ರಣಕ್ಕೆ ಮೊದಲಿನಿಂದ ಜೋಡಿಸಬೇಕು, ಮೊದಲಿನಿಂದ ಕರಡು ತಿದ್ದಬೇಕು. ಎಷ್ಟೋ ಒಳ್ಳೆಯ ಕನ್ನಡ ಪುಸ್ತಕಗಳು ಒಂದೇ ಮುದ್ರಣ ಕಂಡು ಹಳೆ ಪುಸ್ತಕದ ಅಂಗಡಿ ಸೇರಿದ್ದಕ್ಕೆ ಓದುಗರ ಅನಾದರ ಮಾತ್ರ ಕಾರಣವಲ್ಲ. ಈ ದುಬಾರಿ ದುಡಿಮೆಯೂ ಕಾರಣ.

1980ರ ದಶಕದ ಕೊನೆಯಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ವಿಧಾನ, ಬಂತು; ಹತ್ತು ಹದಿನೈದು ವರ್ಷಗಳಲ್ಲಿ ಮೊಳೆ ಜೋಡಣೆ ಬಹುಮಟ್ಟಿಗೆ ಮರೆಯಾಯಿತು. ಜೀವನವಿಡೀ ನಿಂತು ಕೆಲಸ ಮಾಡಿದ್ದ ಕಂಪೋಸಿಟರುಗಳಲ್ಲಿ ಕೆಲವರು ಕೀಲಿಮಣೆಗೆ ಒಗ್ಗಿಕೊಂಡರು. ಹಲವರು ಮನೆಗೆ ಹೋದರು. ಆಗ ಬಂದ ಕನ್ನಡ ತಂತ್ರಾಂಶಗಳಿಗೆ ಒಂದು ದೊಡ್ಡ ಮಿತಿ ಇತ್ತು. ಕಂಪ್ಯೂಟರಿನ ಫಾಂಟಿನಲ್ಲಿ ಇದ್ದದ್ದು 256 ಮನೆಗಳು, ಅವನ್ನು ರೂಪಿಸಿದ್ದು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗಾಗಿ. ಕನ್ನಡವನ್ನು ಆ ಮನೆಗಳಿಗೇ ತುಂಬಬೇಕಾಯಿತು. ಇಡೀ ಅಕ್ಷರಗಳಿಗೆ ಜಾಗವಿಲ್ಲದ್ದರಿಂದ ಅವನ್ನು ತುಂಡು ಮಾಡಿದರು. ಉದಾಹರಣೆಗೆ, ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟ ಅಕ್ಷರ ಇರುವುದು ಇಂಗ್ಲಿಷಿನ ಸಣ್ಣ 'ಎಲ್' ಇದ್ದ ಮನೆಯಲ್ಲಿ. ಕ ಅಕ್ಷರದ ಒಡಲು ದೊಡ್ಡ 'ಪಿ' ಇದ್ದಲ್ಲಿ, ಅದರ ತಲೆಕಟ್ಟು ಇನ್ನೆಲ್ಲೋ.

ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತಿತ್ತು. ಕಂಪ್ಯೂಟರಿನ ಒಳಗೆ ಮಾತ್ರ ಕನ್ನಡವೆಂಬುದು ಇರಲಿಲ್ಲ. ಇದ್ದದ್ದು ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಅಕ್ಷರಗಳ ಸಾಲು. ಅದೇ ಫಾಂಟು ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ಶ್ರೀಲಿಪಿ, ಆಕೃತಿ, ನುಡಿ ಎಂದು ತಂತ್ರಾಂಶಕ್ಕೊಂದು ಮನೆಹಂಚಿಕೆ ಇದ್ದದ್ದರಿಂದ ಲೇಖಕ ಒಂದರಲ್ಲಿ ಬರೆದದ್ದು ಪತ್ರಿಕೆಯ ಕಚೇರಿಯಲ್ಲಿ ಮತ್ತೆ ಬೆರಳಚ್ಚಾಗಬೇಕಾದ ಸಂದರ್ಭಗಳು ಬೇಕಾದಷ್ಟಿದ್ದವು.

ಈ ಗೊಂದಲದ ನಡುವೆಯೂ ಒಂದು ಕೆಲಸ ಗಟ್ಟಿಯಾಗಿ ಆಯಿತು: ಕೀಲಿಮಣೆ. ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರೂ ಕರೆಯುವಂತೆ ಕೆ.ಪಿ. ರಾವ್, ಕನ್ನಡದ ಧ್ವನಿಕ್ರಮವನ್ನೇ ಆಧಾರ ಮಾಡಿಕೊಂಡು ಒಂದು ವಿನ್ಯಾಸ ರೂಪಿಸಿದರು. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ, ಶಿಫ್ಟ್ ಕೀಲಿಯ ನೆರವಿನಿಂದ, ಕನ್ನಡದ ಸ್ವರ ವ್ಯಂಜನಗಳೆಲ್ಲ ಅಡಗಿದವು. ಅಲ್ಪಪ್ರಾಣ ಒತ್ತಿದ ಕೀಲಿಯಲ್ಲೇ ಶಿಫ್ಟ್ ಹಿಡಿದರೆ ಮಹಾಪ್ರಾಣ. ಕಾಗುಣಿತ, ಒತ್ತುಗಳನ್ನು ಕೂಡಿಸುವ ಕೆಲಸ ಯಂತ್ರದ್ದು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'; ಅದು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪು. ಈ ವಿನ್ಯಾಸವೇ ಮುಂದೆ ಕಗಪ ಎಂಬ ಹೆಸರಿನಲ್ಲಿ ನೆಲೆಯೂರಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳನ್ನು ತಲುಪಿತು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ' ಇನ್ನೊಂದು ದಾರಿ ತೆರೆಯಿತು. ಕನ್ನಡವನ್ನು ರೋಮನ್ ಲಿಪಿಯಲ್ಲಿ ಟೈಪಿಸಿದರೆ ಅದು ಕನ್ನಡ ಲಿಪಿಯಾಗಿ ಮೂಡುವ ಆ ಸೌಲಭ್ಯದಿಂದ ಹೊರದೇಶಗಳಲ್ಲಿದ್ದ ಕನ್ನಡಿಗರಿಗೆ ಕನ್ನಡದಲ್ಲಿ ಬರೆಯುವುದು ಸುಲಭವಾಯಿತು.

ಯೂನಿಕೋಡ್ ಬಂದದ್ದು ಬೇರೆಯೇ ನಂಬಿಕೆಯಿಂದ. ಲೋಕದ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಒಂದು ಸಂಖ್ಯೆ ಇರಬೇಕು, ಆ ಸಂಖ್ಯೆ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆಗಿರಬೇಕು ಎಂಬುದು ಅದರ ತತ್ತ್ವ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಸಾಮಾನ್ಯ ದಶಮಾನ ಲೆಕ್ಕದಲ್ಲಿ ಹೇಳುವುದಾದರೆ 3200ರಿಂದ 3327ರವರೆಗೆ. ಕ ಎಂದರೆ 3221, ಷ ಎಂದರೆ 3255, ಎರಡನ್ನೂ ಬೆಸೆಯುವ ಅರ್ಧಾಕ್ಷರ ಚಿಹ್ನೆ 3277. 3221, 3277, 3255 ಎಂಬ ಮೂರು ಸಂಖ್ಯೆಗಳು ಸಾಲಾಗಿ ಬಂದರೆ ಪರದೆಯ ಮೇಲೆ ಕ್ಷ ಮೂಡುತ್ತದೆ. ಒತ್ತಕ್ಷರಗಳಿಗೆ ಪ್ರತ್ಯೇಕ ಸಂಖ್ಯೆ ಬೇಕಿಲ್ಲ. ಕೇಸಿನ ನೂರಾರು ಮನೆಗಳ ಕೆಲಸವನ್ನು ನೂರಕ್ಕೆ ಕಡಿಮೆ ಚಿಹ್ನೆಗಳು ಮಾಡುತ್ತವೆ.

ಯೂನಿಕೋಡಿನಲ್ಲಿ 'ಕರ್ನಾಟಕ' ಮತ್ತೆ ನಾಲಿಗೆಯ ಕ್ರಮಕ್ಕೆ ಮರಳುತ್ತದೆ. ಕ, ರ, ಅರ್ಧಾಕ್ಷರ ಚಿಹ್ನೆ, ನ, ದೀರ್ಘ, ಟ, ಕ ಎಂಬ ಏಳು ಸಂಖ್ಯೆಗಳು ಉಚ್ಚಾರಣೆಯ ಸಾಲಿನಲ್ಲೇ ನಿಲ್ಲುತ್ತವೆ. ಅರ್ಕಾವತ್ತನ್ನು ನಾ ಅಕ್ಷರದ ಆಚೆಗೆ ಒಯ್ದು ತೋರಿಸುವುದು ಫಾಂಟಿನೊಳಗೆ ಬರೆದಿಟ್ಟ ನಿಯಮಗಳ ಕೆಲಸ. ಹೀಗೆ ಅಕ್ಷರದ ಗುರುತು ಬೇರೆ, ಅದರ ರೂಪ ಬೇರೆ ಆಯಿತು. ಕಳೆದ ಮೂವತ್ತು ವರ್ಷಗಳಲ್ಲಿ ಕನ್ನಡದ ಓದುಬರಹಕ್ಕೆ ಬಂದ ಬದಲಾವಣೆಗಳಲ್ಲಿ ಬಹುಪಾಲು ಈ ಒಂದು ಬೇರ್ಪಡಿಕೆಯಿಂದ ಹುಟ್ಟಿದವು. ಮೊಬೈಲಿನ ಬೆಳಗುವ ಪರದೆ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಅದರ ಬಗ್ಗೆ ಮಾತು ಹೆಚ್ಚು. ಆದರೆ ಪರದೆಯ ಹಿಂದೆ ಅಕ್ಷರಕ್ಕೆ ಸ್ಥಿರವಾದ ಗುರುತು ಇಲ್ಲದೆ ಹೋಗಿದ್ದರೆ ಅಲ್ಲಿ ಓದಲು ಕನ್ನಡವೇ ಇರುತ್ತಿರಲಿಲ್ಲ.

ಈ ವ್ಯವಸ್ಥೆಯಲ್ಲಿ ಕೊರತೆಗಳೂ ಉಳಿದಿವೆ. ಹಳಗನ್ನಡದ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪು ಹೆಸರು ಬಿದ್ದಿದೆ. ಅದನ್ನು 'ಫ' ಎಂದು ದಾಖಲಿಸಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ನಿಯಮವಾದ್ದರಿಂದ ಪಕ್ಕದಲ್ಲಿ ಸರಿಯಾದ ಹೆಸರನ್ನು ಸೇರಿಸಿದ್ದಾರೆಯೇ ಹೊರತು ತಪ್ಪು ಹಾಗೆಯೇ ಇದೆ. 'ರ‍್ಯಾಂಕ್' ಎಂದು ಬರೆಯಬೇಕಾದರೆ ರಕಾರ ಅರ್ಕಾವತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಇಡಬೇಕು. ಅನುಸ್ವಾರಕ್ಕೂ ಕನ್ನಡದ ಸೊನ್ನೆಗೂ ರೂಪ ಒಂದೇ, ಸಂಖ್ಯೆ ಬೇರೆ. ಅವಸರದಲ್ಲಿ ಅನುಸ್ವಾರದ ಜಾಗಕ್ಕೆ ಸೊನ್ನೆ ಒತ್ತಿದರೆ ಓದುಗರಿಗೆ ತಪ್ಪು ಕಾಣುವುದೇ ಇಲ್ಲ, ಹುಡುಕುವ ಯಂತ್ರಕ್ಕೆ ಮಾತ್ರ ಆ ಪದ ಸಿಗುವುದಿಲ್ಲ.

ಕನ್ನಡ ಕಂಪ್ಯೂಟರಿಗೆ ಬಂದು ಕಚೇರಿಯ ಕೆಲಸ ಬದಲಾದದ್ದಕ್ಕೆ ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಜಮೀನಿನ ದಾಖಲೆಗಳ 'ಭೂಮಿ' ಯೋಜನೆ. ಪಹಣಿ ಎಂದರೆ ಒಂದು ಕಾಲಕ್ಕೆ ಗ್ರಾಮ ಲೆಕ್ಕಿಗರ ಕೈಬರಹ, ಅವರ ವಶದಲ್ಲಿದ್ದ ಪುಸ್ತಕ. ಅದರಲ್ಲಿ ಏನು ಬರೆದಿದೆ ಎಂದು ರೈತರು ತಾವೇ ನೋಡುವುದು ಸುಲಭವಿರಲಿಲ್ಲ. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು, ಮುಂದೆ ಅಂತರ್ಜಾಲದಲ್ಲೂ ಬಂತು. ಸ್ವಂತ ಜಮೀನಿನ ದಾಖಲೆಯನ್ನು ಯಾರ ಕೃಪೆಗೂ ಕಾಯದೆ ಓದುವುದು ಸಣ್ಣ ವಿಷಯವಲ್ಲ. ಆದರೆ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿ ಬೆರಳಚ್ಚಾದರೆ ತಿದ್ದುಪಡಿಗೆ ಅರ್ಜಿ ಹಿಡಿದು ಓಡಾಡಬೇಕಾದ ಹೊಸ ಬವಣೆಯೂ ಇದರೊಂದಿಗೇ ಬಂತು.

ಓದಿನಲ್ಲಿ ಆದ ದೊಡ್ಡ ಬದಲಾವಣೆಯೆಂದರೆ ಹುಡುಕಾಟ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟು 8 ಸಂಪುಟಗಳಲ್ಲಿ ಮುಗಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು. ಶಾಸನಗಳನ್ನೂ ಕಾವ್ಯಗಳನ್ನೂ ಓದಿ, ಪದವೊಂದು ಎಲ್ಲಿ ಯಾವ ಅರ್ಥದಲ್ಲಿ ಬಂದಿದೆಯೆಂದು ಚೀಟಿಗಳಲ್ಲಿ ಬರೆದು, ಆ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ಜಿ. ವೆಂಕಟಸುಬ್ಬಯ್ಯನವರೂ ಅವರ ಜೊತೆಗಾರರೂ ಆ ಕೆಲಸ ಮಾಡಿದರು. ಈಗ 'ವಚನ ಸಂಚಯ' ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. 'ಕಾಯಕ' ಎಂಬ ಪದ ಯಾರ ಯಾವ ವಚನಗಳಲ್ಲಿ ಬಂದಿದೆ ಎಂದು ಹೈಸ್ಕೂಲಿನ ವಿದ್ಯಾರ್ಥಿಯೂ ಕೆಲವು ಕ್ಷಣಗಳಲ್ಲಿ ನೋಡಬಹುದು. ಅರ್ಥ ಬಿಡಿಸುವ ಕೆಲಸ ಇದರಿಂದ ಕಡಿಮೆಯಾಗಿಲ್ಲ. ಪುಟ ತಿರುವುವ ಕಾಲ ಉಳಿದಿದೆ ಅಷ್ಟೆ. ಇಂಥ ಸೌಲಭ್ಯ ಕಟ್ಟಿದವರಲ್ಲಿ ಬಹಳ ಮಂದಿ ಸಂಬಳವಿಲ್ಲದೆ, ಭಾಷೆಯ ಮೇಲಿನ ಪ್ರೀತಿಯಿಂದ ದುಡಿದವರು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವೂ ಹೀಗೆಯೇ ಬೆಳೆದದ್ದು.

ಸೀಸದ ಮೊಳೆಯಲ್ಲಿ ಅಚ್ಚಾದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರೆ ಸಿಗುವುದು ಪುಟದ ಚಿತ್ರ ಮಾತ್ರ. ಚಿತ್ರದಿಂದ ಅಕ್ಷರವನ್ನು ಗುರುತಿಸಿ ಸಂಖ್ಯೆಗೆ ಇಳಿಸುವ ತಂತ್ರಾಂಶ ಬೇರೆಯೇ ಬೇಕು. ಸವೆದ ಮೊಳೆ, ಹರಡಿದ ಮಸಿ, ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿಗೆ ತಾಗುವ ಒತ್ತು, ಹೀಗೆ ಕನ್ನಡ ಇಲ್ಲಿಯೂ ಕಷ್ಟದ ಲಿಪಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಇದಕ್ಕಾಗಿ 'ಲಿಪಿ ಜ್ಞಾನಿ' ಎಂಬ ತಂತ್ರಾಂಶ ರೂಪಿಸಿತು. ಅಂಧ ವಿದ್ಯಾರ್ಥಿಗಳಿಗಾಗಿ ಪುಸ್ತಕಗಳನ್ನು ಬ್ರೈಲ್‌ಗೆ ಇಳಿಸಲು ಅದು ಬಳಕೆಯಾಗಿದೆ.

ಅಕ್ಷರಕ್ಕೆ ಗುರುತಿರುವುದು ಎಷ್ಟು ಮುಖ್ಯವೆಂದು ಕಣ್ಣಿಲ್ಲದ ಓದುಗರಿಗೆ ಹೇಳಿಕೊಡಬೇಕಿಲ್ಲ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. ಆದರೆ ಕಡತ ಯೂನಿಕೋಡಿನಲ್ಲಿದ್ದರೆ ಮಾತ್ರ. ಹಳೆಯ ಫಾಂಟಿನ ಕಡತ ಅದರ ಬಾಯಲ್ಲಿ ಅರ್ಥವಿಲ್ಲದ ಸದ್ದು; ಸ್ಕ್ಯಾನ್ ಮಾಡಿದ ಸುತ್ತೋಲೆಯಾದರೆ ಬರೀ ಮೌನ. ಕಣ್ಣಿದ್ದವರು ಅರೆಕ್ಷಣದಲ್ಲಿ ಓದಿ ಮುಗಿಸುವ ಆದೇಶವೊಂದು ಹೀಗೆ ಇನ್ನೊಬ್ಬ ನಾಗರಿಕರಿಗೆ ಮುಚ್ಚಿದ ಬಾಗಿಲಾಗುತ್ತದೆ. ಸಾರ್ವಜನಿಕ ದಾಖಲೆಗಳಲ್ಲಿ ಈ ಅಸಡ್ಡೆಗೆ ಇನ್ನು ಯಾವ ಸಮರ್ಥನೆಯೂ ಇಲ್ಲ.

ಕರಡು ತಿದ್ದುವವರ ಜಾಗವನ್ನು ಯಂತ್ರ ಇನ್ನೂ ಪೂರ್ತಿ ತುಂಬಿಲ್ಲ. ಇಂಗ್ಲಿಷಿನಲ್ಲಿ ಪದಪಟ್ಟಿ ಒದಗಿಸಿದರೆ ಕಾಗುಣಿತ ಪರೀಕ್ಷೆ ಬಹುಮಟ್ಟಿಗೆ ನಡೆಯುತ್ತದೆ. ಕನ್ನಡದಲ್ಲಿ 'ಬರು' ಎಂಬ ಒಂದು ಧಾತುವಿನಿಂದ ಬಂದನು, ಬರುತ್ತಿದ್ದವರಿಗೂ, ಬಾರದಿದ್ದುದರಿಂದಲೇ ಎಂದು ಕೊನೆಯಿಲ್ಲದಷ್ಟು ರೂಪಗಳು ಹೊರಡುತ್ತವೆ. ಸಂಧಿಯೂ ಸೇರಿದರೆ ಯಾವ ಪಟ್ಟಿಯೂ ಸಾಲದು. ಪತ್ರಿಕಾ ಕಚೇರಿಗಳಲ್ಲಿ ಕರಡು ತಿದ್ದುವವರ ಸಂಖ್ಯೆ ಇಳಿದಿದ್ದರ ಫಲ ಅಚ್ಚಾದ ಪುಟಗಳಲ್ಲೇ ಕಾಣುತ್ತದೆ.

ಅನುವಾದಕರ ಕೆಲಸವೂ ಈಗ ರೂಪ ಬದಲಿಸುತ್ತಿದೆ. ತೀರ್ಪುಗಳನ್ನು ಭಾರತೀಯ ಭಾಷೆಗಳಿಗೆ ತರಲು ಸುಪ್ರೀಂ ಕೋರ್ಟ್ 2019ರಲ್ಲಿ 'ಸುವಾಸ್' ತಂತ್ರಾಂಶ ಬಳಕೆಗೆ ತಂದಿತು. ಕೇಂದ್ರ ಸರ್ಕಾರದ ಅನುವಾದ ವೇದಿಕೆ 'ಭಾಷಿಣಿ' 2022ರಲ್ಲಿ ಆರಂಭವಾಯಿತು. ಯಂತ್ರ ಮೊದಲ ಕರಡು ಕೊಡುತ್ತದೆ, ಮನುಷ್ಯರು ಅದನ್ನು ತಿದ್ದಬೇಕು. ಓದಿದರೆ ಸರಿಯೆನಿಸುವ ವಾಕ್ಯದಲ್ಲಿ ಅಡಗಿರುವ ತಪ್ಪನ್ನು ಹಿಡಿಯಲು ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚು ಎಚ್ಚರ ಬೇಕಾಗುತ್ತದೆ. 2017ರಲ್ಲಿ ಗೂಗಲ್ ಕನ್ನಡಕ್ಕೂ ಧ್ವನಿ ಟೈಪಿಂಗ್ ತಂದ ಮೇಲೆ ಕೀಲಿಮಣೆ ಕಲಿಯದವರೂ ಮಾತಾಡಿ ಬರೆಯಬಲ್ಲರು. ಗ್ರಂಥಭಾಷೆಗೆ ಹತ್ತಿರದ ಮಾತಿಗೆ ಅದು ಚೆನ್ನಾಗಿ ಕಿವಿಗೊಡುತ್ತದೆ, ಕುಂದಾಪುರದ ಅಥವಾ ಕಲಬುರಗಿಯ ಆಡುಮಾತಿಗೆ ತಡವರಿಸುತ್ತದೆ.

ಇಷ್ಟರ ನಡುವೆ ಒಂದು ಕಾಲಾವಧಿಯ ಬರಹ ಅಪಾಯದಲ್ಲಿ ಸಿಲುಕಿದೆ. ಮೊಳೆಯ ಕಾಲದ ಪುಸ್ತಕ ಕಾಗದದ ಮೇಲಾದರೂ ಇದೆ. ಯೂನಿಕೋಡಿನ ಬರಹ ಎಲ್ಲಿ ಬೇಕಾದರೂ ತೆರೆಯುತ್ತದೆ. ಇವೆರಡರ ನಡುವಿನ ವರ್ಷಗಳ ಲೇಖನಗಳು, ಪಠ್ಯಗಳು, ಸಂಶೋಧನಾ ಪ್ರಬಂಧಗಳು ಹಳೆಯ ಫಾಂಟುಗಳ ಕಡತಗಳಾಗಿ ಡಿಟಿಪಿ ಅಂಗಡಿಗಳ ಸಿಡಿಗಳಲ್ಲಿ ಬಿದ್ದಿವೆ, ಹಾಳಾಗುತ್ತಲೂ ಇವೆ. ಪುಟ ವಿನ್ಯಾಸದ ರೂಢಿಯ ಕಾರಣಕ್ಕೆ ಕೆಲವು ಮುದ್ರಣಾಲಯಗಳು ಇಂದಿಗೂ ಅದೇ ಫಾಂಟುಗಳಲ್ಲಿ ಕೆಲಸ ಮಾಡುವುದರಿಂದ ಈ ರಾಶಿ ಬೆಳೆಯುತ್ತಲೇ ಇದೆ. ಅವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಕ ಮೊದಲು ತುಂಡು ತುಂಡಾದ ಒಡಲು, ತಲೆಕಟ್ಟುಗಳನ್ನು ಕೂಡಿಸಿ ಇಡೀ ಅಕ್ಷರ ಮಾಡುತ್ತದೆ. ಆಮೇಲೆ ಪ್ರತಿ ಅರ್ಕಾವತ್ತನ್ನೂ ಹುಡುಕಿ, ಅದರ ಹಿಂದಿನ ಅಕ್ಷರ ಎಲ್ಲಿ ಶುರುವಾಗುತ್ತದೆಂದು ನೋಡಿ, ರಕಾರವನ್ನು ಅಲ್ಲಿಗೆ, ಬಾಯಿ ಅದನ್ನು ನುಡಿಯುವ ಜಾಗಕ್ಕೆ, ತಂದು ಕೂರಿಸುತ್ತದೆ.