ಅಶ್ವತ್ಥಾಮ ಸತ್ತನೆ?

ಸಂಕ್ರಾಂತಿಯ ರಜೆಯಲ್ಲಿ ಊರಿಗೆ ಹೋದವನು ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕವನ್ನು ಜೊತೆಗೆ ಒಯ್ದಿದ್ದೆ. ನಮ್ಮ ಅವ್ವನಿಗೆ ಅಕ್ಷರ ಬಾರದು. ಆದರೆ ಬಯಲಾಟ ನೋಡಿ ನೋಡಿ ಭಾರತದ ಕಥೆಯೆಲ್ಲ ಬಾಯಿಗೆ ಬಂದಿದೆ. ಪುಸ್ತಕದಲ್ಲಿ ಏನಿದೆಯೆಂದು ಕೇಳಿದಳು. ಅಶ್ವತ್ಥಾಮ ಕೊನೆಗೆ ತನ್ನ ಕೈಯಾರೆ ಪ್ರಾಣ ಕಳೆದುಕೊಳ್ಳುತ್ತಾನೆ ಎಂದೆ. ಹುರುಳಿ ಕೇರುತ್ತಿದ್ದ ಮೊರ ಅಲ್ಲಿಯೇ ನಿಂತಿತು.

“ಅಶ್ವತ್ಥಾಮ ಸತ್ತ ಅಂತ ಒಂದ್ ಸಲ ಹೇಳಿ ದ್ರೋಣರನ್ನ ಕೊಂದಿದ್ದು ಸಾಲ್ದೇನ್ಲಾ? ಈಗ ನಿಮ್ ಪುಸ್ತಕದೋರೂ ಅದನ್ನೇ ಹೇಳ್ತಾರಾ?”

ಮೂರು ವರ್ಷ ಬಿ. ಎ. ಓದಿದ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಉತ್ತರದ ಹುಡುಕಾಟವೆಂದು ವಾಚಕರು ತಿಳಿಯಬಹುದು.

1929ರಲ್ಲಿ ಪ್ರಕಟವಾದ ಈ ರುದ್ರನಾಟಕಕ್ಕೆ ಮೂಲ ಗ್ರೀಕ್ ಕವಿ ಸೊಫೋಕ್ಲಿಸನ ‘ಏಜಾಕ್ಸ್’. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಮಡಿದ ಮೇಲೆ ಅವನ ಆಯುಧಗಳು ತನಗೆ ಸಲ್ಲಬೇಕೆಂದು ಏಜಾಕ್ಸ್ ಎಣಿಸಿದ್ದ. ಅವು ಒಡಿಸ್ಯೂಸನ ಪಾಲಾದವು. ಸೇಡಿಗಾಗಿ ಅವನು ರಾತ್ರಿ ಖಡ್ಗ ಹಿಡಿದು ಹೊರಟರೆ, ಅಥೀನ ದೇವತೆ ಅವನಿಗೆ ಬುದ್ಧಿಭ್ರಮೆ ಕವಿಸಿದಳು. ಶತ್ರುಗಳೆಂದು ಅವನು ಕಡಿದುಹಾಕಿದ್ದು ದನಕುರಿಗಳನ್ನು. ಬೆಳಗಾಗಿ ಭ್ರಮೆ ಹರಿದಾಗ ನಾಚಿಕೆ ತಾಳಲಾರದೆ ತನ್ನ ಖಡ್ಗದ ಮೇಲೆಯೇ ಬಿದ್ದು ಸತ್ತ.

ಈ ವೀರನಿಗೆ ಸಮಾನನನ್ನು ನಮ್ಮಲ್ಲಿ ಹುಡುಕುವಾಗ ‘ಶ್ರೀ’ಯವರ ಕಣ್ಣು ಅಶ್ವತ್ಥಾಮನ ಮೇಲೆ ಬಿದ್ದುದು ಸಹಜವೇ. ಅವನದೂ ಮಹಾಶೌರ್ಯ, ಅವನದೂ ಕುದಿಯುವ ಸೇಡು. ಸೌಪ್ತಿಕ ಪರ್ವದ ಆ ಘೋರರಾತ್ರಿಯಂತೂ ಇದ್ದೇ ಇದೆ. ಹೆಸರುಗಳನ್ನಷ್ಟೇ ಬದಲಿಸಿದ್ದರೆ ನಾಟಕ ನಮಗೆ ಪರಕೀಯವಾಗಿಯೇ ಉಳಿಯುತ್ತಿತ್ತು. (ಕುವೆಂಪು ಅವರು ‘ಹ್ಯಾಮ್ಲೆಟ್’ ನಾಟಕವನ್ನು ‘ರಕ್ತಾಕ್ಷಿ’ಯಾಗಿಸುವಾಗ ಬಿದನೂರಿನ ಇತಿಹಾಸವನ್ನು ಆರಿಸಿಕೊಂಡರು. ಇತಿಹಾಸದಲ್ಲಿ ಕವಿಗೆ ಕೈಯಾಡಿಸಲು ಹೆಚ್ಚು ಎಡೆಯಿರುತ್ತದೆ.)

ತೊಡಕು ಹುಟ್ಟುವುದು ಕೊನೆಯಲ್ಲಿ. ಏಜಾಕ್ಸ್ ಅಥೆನ್ಸಿನವರಿಗೆ ಬರಿಯ ಕಥಾನಾಯಕನಲ್ಲ, ಪೂಜೆಗೊಳ್ಳುತ್ತಿದ್ದ ವೀರ. ಅವರ ಹತ್ತು ಕುಲಗಳಲ್ಲಿ ಒಂದಕ್ಕೆ ಅವನದೇ ಹೆಸರು. ಅವನು ಹೇಗೆ ಸತ್ತನೆಂಬುದು ಅವರು ಮೊದಲೇ ಬಲ್ಲ ಕಥೆ. ಅದನ್ನು ಸೊಫೋಕ್ಲಿಸ್ ಮುರಿಯಬೇಕಾಗಿರಲಿಲ್ಲ. ನಮ್ಮ ಅಶ್ವತ್ಥಾಮನಾದರೋ ಚಿರಂಜೀವಿ. ಶಿರೋಮಣಿಯನ್ನು ಕಳೆದುಕೊಂಡು, ಕೃಷ್ಣನ ಶಾಪದಿಂದ ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯಬೇಕಾದವನು. ಸೊಫೋಕ್ಲಿಸನಿಗೆ ನಿಷ್ಠರಾಗಬೇಕಾದರೆ ವ್ಯಾಸರನ್ನು ಮೀರಬೇಕು. ‘ಶ್ರೀ’ಯವರು ಮೀರಿದರು. ಪಂಡಿತರು ಆಕ್ಷೇಪಿಸಿದ್ದುಂಟು, ನಮ್ಮ ಅವ್ವನೂ ಅವರ ಪಕ್ಷವೇ ಎಂಬುದು ಅವಳಿಗೆ ತಿಳಿಯದು.

ನನಗಾದರೋ ಕವಿ ಮಾಡಿದ್ದು ತಪ್ಪೆನಿಸದು. ಸಾಯಲಾರದಿರುವುದೇ ವ್ಯಾಸರ ಅಶ್ವತ್ಥಾಮನ ಶಿಕ್ಷೆ. ಆ ಶಿಕ್ಷೆಯಿಂದ ಅವನನ್ನು ಬಿಡಿಸಿ, ತನ್ನ ತಪ್ಪನ್ನು ತಾನೇ ನೋಡಿ ತೀರ್ಪು ಕೊಟ್ಟುಕೊಳ್ಳುವ ಅಧಿಕಾರವನ್ನು ಈ ನಾಟಕ ಅವನಿಗೆ ಕೊಟ್ಟಿದೆ. ಆದರೂ ಪುರಾಣದ ಅಲೆದಾಟದಲ್ಲಿರುವ ಭಯ ಇಲ್ಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಇಷ್ಟನ್ನೂ ನನಗೆ ಬಂದ ಹಾಗೆ ಅವ್ವನಿಗೆ ಹೇಳಿದೆ. ಅವಳು ಕೇಳಿದ್ದು ಬೇರೆಯದನ್ನೇ: “ಆ ಗ್ರೀಕರೋನಿಗೆ ಮಣ್ಣು ಮಾಡಿದ್ರಾ, ಇಲ್ವಾ?”

ಏಜಾಕ್ಸ್ ಸತ್ತ ಮೇಲೂ ನಾಟಕ ಬಹಳ ಹೊತ್ತು ಮುಂದುವರಿಯುತ್ತದೆ. ಶವಸಂಸ್ಕಾರದ ಜಗಳವೇ ಅದರ ಉತ್ತರಾರ್ಧ. ಪರೀಕ್ಷೆಗೆ ಓದುವಾಗ ನನಗದು ಬೇಸರ ತಂದಿತ್ತು. ದೊರೆಗಳು ಹೂಳಬಾರದೆಂದರು, ಹೂಳಲೇಬೇಕೆಂದು ವಾದಿಸಿ ಗೆದ್ದವನು ಅವನ ಹಗೆ ಒಡಿಸ್ಯೂಸನೇ ಎಂದೆ.

“ಹಗೆಯೋನೇ?” ಎಂದಳು ಅವ್ವ. ಮೊರವನ್ನು ಪಕ್ಕಕ್ಕಿಟ್ಟು, “ಅದನ್ನ ಮೊದ್ಲು ಹೇಳ್ಬಾರ್ದಿತ್ತಾ? ಇನ್ನೊಂದ್ ಸಲ ಮೊದ್ಲಿಂದ ಹೇಳು” ಎಂದಳು.