ಕಾರಿನ ಕೆಳಗೊಮ್ಮೆ ಬಗ್ಗಿ ನೋಡಿ
ಅರಿಶಿನಕುಂಟೆ ಹತ್ರ, ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲಿ ಅಪ್ಪನ ಹಳೇ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದರೆ ಬುಸ್ ಅಂತ ಹಬೆ. ನೀರಿನ ಬಾಟಲಿ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ದೆ.

"ಮುಟ್ಬೇಡಿ ಸಾರ್, ಮುಖ ಬೆಂದೋಗುತ್ತೆ!" ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಕೂಗಿದರು. ಒಳಗೆ ಒತ್ತಡ ಇರೋದರಿಂದ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರಬಹುದು. ಮುಚ್ಚಳ ತೆಗೆದರೆ ಒಮ್ಮೆಲೇ ಕುದ್ದು ಚಿಮ್ಮುತ್ತೆ.

ಎಂಜಿನ್ ಪೂರ್ತಿ ಆರಿದ ಮೇಲೆ ನೋಡಿದರೆ, ಮೇಲಿನ ಹೋಸ್‌ನಲ್ಲಿ ಕ್ಲಿಪ್ ಹತ್ರ ಬಿರುಕು. ಹೊಸ ಹೋಸ್, ಹೊಸ ಕ್ಲಿಪ್, ಕೂಲೆಂಟ್‌ಗೆ ಸಮಪಾಲು ಡಿಸ್ಟಿಲ್ಡ್ ವಾಟರ್ ಹಾಕಿದರು.

ವಾರದಿಂದ ಪಾರ್ಕಿಂಗಿನಲ್ಲಿ ತೊಟ್ಟಿಕ್ಕುತ್ತಿದ್ದುದನ್ನು ಎಸಿ ನೀರು ಅಂದ್ಕೊಂಡಿದ್ದೆ. ಎಸಿ ನೀರಿಗೆ ಬಣ್ಣ ಇರಲ್ಲ, ಇದು ಹಸಿರಾಗಿತ್ತು. ನಾನು ಬಗ್ಗಿ ನೋಡಿರಲಿಲ್ಲ, ಅಷ್ಟೆ. ನೀವು ನಾಳೆ ಬೆಳಗ್ಗೆ ನೋಡಿ.